ತಲೆ ಇದ್ದರೆ ಒಂದು

ನನ್ನ ನಾದಿನಿಯ ಬಲಗೈಯ ಮೂರು ಬೆರಳು ಮುರಿದವನು ನನ್ನ ಗಂಡ. ದೋಣಿಯ ರಾಟೆ ತಿರುಗಿಸುವ ಕಬ್ಬಿಣದ ಹಿಡಿಯಿಂದ, ಹಾಡಹಗಲೇ, ಅವಳು ಕೆಲಸ ಮಾಡುವ ಮೇಜಿನ ಮೇಲೆಯೇ ಕೈ ಒತ್ತಿಟ್ಟು ಮುರಿದ. ಆಗೆಲ್ಲ ನಾನು ಅವನನ್ನು ‘ಅವರು’ ಎನ್ನುತ್ತಿದ್ದೆ. ಈಗ ‘ಅವನು’ ಎನ್ನುತ್ತೇನೆ. ಕೇಳಿದವರು ಮೂಗು ಮುರಿದರೆ ಮುರಿಯಲಿ, ಬೆರಳು ಮುರಿಯುವುದಕ್ಕಿಂತ ಅದು ವಾಸಿ.

ನಾದಿನಿಯನ್ನು ಬಂದರಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಚಿಮಟದಕ್ಕ ಎಂದು. ಇಪ್ಪತ್ತು ವರ್ಷ ಚಿಮಟ ಹಿಡಿದು ಕಡಲ ಕೆಸರಿನಿಂದ ಹುಳ ಹೆಕ್ಕಿದವಳು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದನ್ನು ಯಾರೋ ಹೇಳಿದಾಗ, ಹುಳ ಹೆಕ್ಕುವುದಕ್ಕೂ ಸಂಬಳ ಕೊಡುವ ಪುಣ್ಯಾತ್ಮರು ಯಾರಪ್ಪ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಬಂದರಿನ ಹಳೇ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕಡಲ ಜೀವಿಗಳ ಬಗ್ಗೆ ಕಲಿಯುವ ಒಂದು ಕೇಂದ್ರವಿತ್ತು. ದೊಡ್ಡವರೆಲ್ಲ ಮಹಡಿ ಮೇಲೆ, ಇವಳು ಕೆಳಗೆ, ಒಂದೇ ಕಿಟಕಿಯ ಕೋಣೆಯಲ್ಲಿ. ತೀರದ ಹತ್ತಿರ, ಸೊಂಟದುದ್ದ ನೀರಿನಲ್ಲಿ, ಕಡಲಹುಲ್ಲು ಬೆಳೆದ ಒಂದು ದೊಡ್ಡ ಹಾಸು ಇದೆ. ಅಲ್ಲಿ ತಳಕ್ಕೆ ಕೊಳವೆ ಚುಚ್ಚಿ ಕೆಸರು ತೆಗೆಯುತ್ತಾರೆ. ಆ ಕೆಸರನ್ನು ಜರಡಿಯಲ್ಲಿ ತೊಳೆದರೆ ಉಳಿಯುವುದು ಹುಲ್ಲಿನ ಬೇರು, ಮರಳು, ಖಾಲಿ ಚಿಪ್ಪು, ಮತ್ತು ಬದುಕಿರುವ ಹುಳಹುಪ್ಪಟೆ. ಅಕ್ಕಿನುಚ್ಚಿಗಿಂತ ಸಣ್ಣ ಬಸವನಹುಳು, ಎಳ್ಳಿನಷ್ಟು ಕಪ್ಪೆಚಿಪ್ಪು, ದಾರದೆಳೆಯಂಥ ಹುಳ, ಕಡ್ಡಿಯಂಥ ಸಿಗಡಿ. ಎಲ್ಲವನ್ನೂ ಔಷಧಿ ಹಾಕಿ ಕೊಂದು, ಸ್ಪಿರಿಟ್ ಜಾಡಿಗೆ ತುಂಬಿ, ಒಂದು ಗುಲಾಬಿ ಬಣ್ಣ ಬೆರೆಸುತ್ತಾರೆ. ಮಾಂಸ ಇರುವುದಕ್ಕೆ ಬಣ್ಣ ಹಿಡಿಯುತ್ತದೆ, ಉಳಿದದ್ದಕ್ಕೆ ಇಲ್ಲ. ಆಮೇಲೆ ಇವಳು ಒಂದೊಂದು ಚಮಚ ಬಿಳಿ ತಟ್ಟೆಗೆ ಸುರಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಚಿಮಟದಿಂದ ಗುಲಾಬಿ ಚುಕ್ಕೆಗಳನ್ನು ಹೆಕ್ಕಬೇಕು. ಒಂದು ಹೆಕ್ಕಿದರೆ ಎಡಗೈಯ ಹೆಬ್ಬೆರಳು, ಅದೇ ಅಂಗೈಯಲ್ಲಿ ಹಿಡಿದ ಪುಟ್ಟ ಎಣಿಕೆಯ ಗುಂಡಿಯನ್ನು ಒಮ್ಮೆ ಒತ್ತಬೇಕು. ಟಿಕ್.

“ತಲೆ ಇದ್ದರೆ ಒಂದು, ಅತ್ತಿಗೆ. ಬರೀ ಬಾಲ ಸಿಕ್ಕಿದರೆ ಲೆಕ್ಕಕ್ಕಿಲ್ಲ” ಎನ್ನುತ್ತಿದ್ದಳು. ಅವಳ ಶಾಸ್ತ್ರವೆಲ್ಲ ಅಷ್ಟೇ. ಆ ಲೆಕ್ಕದಲ್ಲಿ ನೋಡಿದರೆ ಆ ಕಡಲಿನಲ್ಲಿ ಅವಳಷ್ಟು ಕೊಲೆ ಮಾಡಿದವರು ಇನ್ನೊಬ್ಬರಿಲ್ಲ. ಹಾಗೆಂದು ಛೇಡಿಸಿದರೆ, “ಒಂದು ಹಾಸಿನಿಂದ ಒಂದು ಚೊಂಬಿನಷ್ಟು ಕೊಲ್ತೀನಿ, ಉಳಿದದ್ದು ಉಳೀಲಿ ಅಂತ” ಎಂದು ಮುಖ ಎತ್ತದೆ ಹೇಳುತ್ತಿದ್ದಳು. ‘ಸುಮಾರು’ ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿ. ಪಕ್ಕದ ಮನೆಯವರ ಮಗುವಿಗೆ ಸುಮಾರು ಎರಡು ವರ್ಷ ಎಂದು ನಾನು ಅಂದರೆ, ಇಪ್ಪತ್ತಮೂರು ತಿಂಗಳು ಎಂದು ತಿದ್ದುವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ಬಂದ ಗಂಡುಗಳು ನಾಲ್ಕು, ಬೇಡವೆಂದದ್ದು ನಾಲ್ಕು, ಉಳಿದದ್ದು ಸೊನ್ನೆ ಎನ್ನುವಳು.

ಮನೆಯಲ್ಲಿ ಎರಡು ಕೋಣೆ, ನಡುವೆ ಹಲಗೆಯ ಗೋಡೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅವಳು. ನನ್ನ ಗಂಡ ಕುಂಟೆ ದೋಣಿಯ ಚಾಲಕ. ಹೊಲಕ್ಕೆ ಹೊಡೆಯುವ ಕುಂಟೆಯಂತೆಯೇ, ಮೊಳದುದ್ದ ಕಬ್ಬಿಣದ ಹಲ್ಲುಗಳಿರುವ ಚೌಕಟ್ಟನ್ನು ಕಡಲ ತಳಕ್ಕೆ ಇಳಿಸಿ ಎಳೆಯುವ ದೋಣಿ ಅದು. ಕಪ್ಪೆಚಿಪ್ಪು ರಾಶಿ ರಾಶಿ ಬರುತ್ತದೆ. ಅದರ ಜೊತೆಗೆ ಹುಲ್ಲು ಬೇರುಸಹಿತ ಬರುತ್ತದೆ, ಒಮ್ಮೆ ಎಳೆದ ಕಡೆ ವರ್ಷಗಟ್ಟಲೆ ಏನೂ ಹುಟ್ಟುವುದಿಲ್ಲ. ದೋಣಿ ದಡ ಸೇರುವುದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದಕ್ಕೆ ಅವನು ಮನೆಗೆ ಬರುತ್ತಿದ್ದ. ಅನ್ನ ಬಿಸಿಯಾಗಿದ್ದರೆ ಬಾಯಿ ಸುಡಿಸಿದೆ ಎಂದು ಏಟು, ಆರಿದ್ದರೆ ಸೊಕ್ಕು ಎಂದು ಏಟು. ಕೈಯಲ್ಲಿ, ಬೆಲ್ಟಿನಲ್ಲಿ, ಹಗ್ಗದ ತುದಿಯಲ್ಲಿ. ನಾನು ಕೂಗುತ್ತಿರಲಿಲ್ಲ, ಬೀದಿಗೆ ಕೇಳಿಸಬಾರದಲ್ಲ. ಗೋಡೆಯಾಚೆ ಒಂದು ಹಲ್ಲಿ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಪಾಪ, ನನ್ನ ಪರವಾಗಿ ಹಲ್ಲಿಯಾದರೂ ಲೊಚಗುಟ್ಟುತ್ತದಲ್ಲ ಎಂದುಕೊಳ್ಳುತ್ತಿದ್ದೆ. ನಾದಿನಿ ಮಧ್ಯಾಹ್ನದ ಪಾಳಿಗೆ ಹೊರಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅಣ್ಣನೆದುರು ಬಾಯಿ ಬಿಡಲು ಭಯ ಎಂದು ಸುಮ್ಮನಿದ್ದೆ.

ಜಗಳ ಶುರುವಾದದ್ದು ಆ ಹುಲ್ಲುಹಾಸಿನಿಂದ. ಬೇರೆ ಕಡೆಯೆಲ್ಲ ಕೆರೆದು ಮುಗಿಸಿದ ಕುಂಟೆ ದೋಣಿಗಳು ಇಲ್ಲಿಗೆ ಬಂದವು. ಇಳಿತದ ಹೊತ್ತು ಅಲ್ಲಿ ನಲವತ್ತು ಐವತ್ತು ಹೆಂಗಸರು ಬಾಗಿ ನಿಂತು ಕೈಯಲ್ಲೇ ಚಿಪ್ಪು ಹೆಕ್ಕುತ್ತಾರೆ, ಅವರಮ್ಮ ಅಜ್ಜಿಯರ ಕಾಲದಿಂದಲೂ. ಒಂದು ಬೆಳಿಗ್ಗೆ ನನ್ನ ಗಂಡ ದೋಣಿಯನ್ನು ನೇರ ಅವರ ನಡುವೆಯೇ ನುಗ್ಗಿಸಿದ. ಒಬ್ಬ ಅಜ್ಜಿಯ ಪಾದ ಕುಂಟೆಯ ಹಲ್ಲಿಗೆ ಸಿಕ್ಕಿ ಮೂಳೆ ಕಾಣುವ ಹಾಗೆ ಸೀಳಿಹೋಯಿತು. ಹೆಂಗಸರು ಕಲ್ಲಿನ ಮಳೆ ಸುರಿಸಿದರು. ದೋಣಿಯಾಳು ಒಬ್ಬನ ಮುಂದಿನ ಹಲ್ಲು ನಾಲ್ಕು ಉದುರಿದವು. ನೀರು ಮೊಣಕಾಲಿನ ತನಕ ಕೆಂಪಾಗಿತ್ತು ಎಂದು ನೋಡಿದವರು ಹೇಳಿದರು. ನನ್ನ ಗಂಡ ತಲೆ ಒಡೆಸಿಕೊಂಡು ಬಂದ, ನಾನು ಪಟ್ಟಿ ಕಟ್ಟಿದೆ, ಬಿಗಿಯಾಯಿತೆಂದು ನನಗೇ ಬಾರಿಸಿದ.

ಕರಾವಳಿ ಕಚೇರಿಯ ಅಧಿಕಾರಿ ಬಂದು ಒಂದು ತೀರ್ಮಾನ ಮಾಡಿದರು. ಹುಲ್ಲುಹಾಸಿನ ಮೂವತ್ತು ಕಡೆಯಿಂದ ಮೂವತ್ತು ಜಾಡಿ ಕೆಸರು ತೆಗೆಯುವುದು. ಜಾಡಿಗೆ ಸರಾಸರಿ ಇನ್ನೂರು ತಲೆಗಿಂತ ಹೆಚ್ಚು ಸಿಕ್ಕಿದರೆ ಹುಲ್ಲುಹಾಸಿಗೆ ಜೀವ ಇದೆ ಎಂದರ್ಥ, ಹತ್ತು ವರ್ಷ ಕುಂಟೆ ಇಳಿಯುವಂತಿಲ್ಲ. ಕಡಿಮೆಯಾದರೆ ದೋಣಿಗಳಿಗೆ ಬಿಟ್ಟುಕೊಡುವುದು. ಮುಚ್ಚುಮರೆ ಬೇಡವೆಂದು, ದಿನದ ಎಣಿಕೆಯನ್ನು ಸಂಜೆ ಕೇಂದ್ರದ ಬಾಗಿಲ ಹಲಗೆಯ ಮೇಲೆ ಬರೆಯಬೇಕು ಎಂದೂ ಹೇಳಿದರು. ಎಣಿಸುವವಳು ಒಬ್ಬಳೇ, ಚಿಮಟದಕ್ಕ.

ಅವತ್ತೇ ನನ್ನ ಗಂಡ ತಂಗಿಯನ್ನು ಅಂಗಳದಲ್ಲಿ ನಿಲ್ಲಿಸಿಕೊಂಡ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅದೇ ಹುಲ್ಲುಹಾಸಿನ ತುದಿವರೆಗೆ ನಡೆಯುತ್ತಿದ್ದವನು ಅವನೇ. ಅದನ್ನೇ ನೆನಪು ಮಾಡಿದ. “ನಿನ್ನಣ್ಣನ ಹೊಟ್ಟೆ ಮೇಲೆ ಹೊಡೀತೀಯಾ?” ಎಂದ.

“ಇದ್ದಷ್ಟು ಬರೀತೀನಿ ಅಣ್ಣ.”

“ಕಡಿಮೆ ಬರಿ.”

“ಕಡಿಮೆ ಇದ್ರೆ ಕಡಿಮೆ ಬರೀತೀನಿ.”

ಕೆನ್ನೆಗೆ ಬಿಗಿದ. ಅವಳು ತುಟಿಯ ರಕ್ತ ಒರೆಸಿಕೊಂಡು ಕೆಲಸಕ್ಕೆ ಹೋದಳು. ಜಪ್ಪಯ್ಯ ಅಂದರೂ ಬಗ್ಗುವವಳಲ್ಲ ಎಂದು ಅವನಿಗೆ ಗೊತ್ತಾಯಿತು. ಆಗ ಕಣ್ಣು ನನ್ನ ಮೇಲೆ ಬಿತ್ತು.

ಗಂಡ ಉಂಡ ಮೇಲೆ ದಿನಾ ಅವಳಿಗೆ ಊಟದ ಡಬ್ಬಿ ಒಯ್ಯುವವಳು ನಾನು. ದೋಣಿಯ ಎಂಜಿನಿಗೆ ನೀರೆಳೆಯುವ ಪೈಪಿನೊಳಗೆ ಚಿಪ್ಪು ಕಟ್ಟಿಕೊಂಡರೆ ಆಸಿಡ್ ಬಿಟ್ಟು ಕರಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಪೈಪು ಲಕಲಕ. ಅದೇ ಆಸಿಡ್ಡಿನ ಕ್ಯಾನನ್ನು ನನ್ನ ಮುಂದಿಟ್ಟ. “ಜಾಡೀಲಿ ಇರೋದು ಚಿಪ್ಪುಹುಳ ತಾನೆ? ಒಂದೊಂದು ಲೋಟ ಹುಯ್ದುಬಿಡು. ಎಣಿಸೋಕೆ ಏನೂ ಉಳಿಯಲ್ಲ” ಎಂದ. ಆಗಲ್ಲ ಎಂದೆ. ನೀರಿನ ಪೀಪಾಯಿಗೆ ನನ್ನ ತಲೆ ಮುಳುಗಿಸಿ ಹಿಡಿದ. ಬಿಟ್ಟ, ಮತ್ತೆ ಹಿಡಿದ. ಮೂರನೇ ಸಲ ಮೇಲೆ ಬಂದಾಗ ಆಯ್ತು ಎಂದೆ. ಯಾರಾಗಿದ್ದರೂ ಹಾಗೇ ಅನ್ನುತ್ತಿದ್ದರು.

ಮಾರನೆಯ ದಿನ ಡಬ್ಬಿಯ ಚೀಲದ ತಳದಲ್ಲಿ ಕ್ಯಾನಿಟ್ಟುಕೊಂಡು ಹೋದೆ. ನಾದಿನಿ ಅವತ್ತೇ ಎಂದೂ ಇಲ್ಲದ ಉತ್ಸಾಹದಲ್ಲಿದ್ದಳು. “ಬನ್ನಿ ಅತ್ತಿಗೆ, ಜೀವ ಇರೋದು ತೋರಿಸ್ತೀನಿ” ಎಂದು ಕೈ ಹಿಡಿದು ಕೂರಿಸಿದಳು. ಗಾಜಿನ ಬಟ್ಟಲಲ್ಲಿ ಹುಲ್ಲಿನ ನಾಲ್ಕು ಗರಿ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಒಂದು ಗರಿಯ ಮೇಲೆ ಕಡ್ಡಿ ಸಿಗಡಿಯೊಂದು ಹಿಂಗಾಲಲ್ಲಿ ಹಿಡಿದು ನೆಟ್ಟಗೆ ನಿಂತಿತ್ತು. ಅದರ ಮೈತುಂಬ ಮರಿಗಳು, ಕೂದಲೆಳೆಯಂಥವು, ತಬ್ಬಿಕೊಂಡಿದ್ದವು.

“ಇವಳು ಕಡ್ಡಿಯಮ್ಮ. ಇಪ್ಪತ್ತೆರಡು ಮಕ್ಕಳು” ಎಂದಳು ನಾದಿನಿ.

ಅಷ್ಟರಲ್ಲಿ ಕೆಳಗಿನಿಂದ ಒಂದು ಹುಳ ಬಂತು. ಹುಳದ ಗಂಟಲೇ ಬಾಯಿಂದ ಹೊರಗೆ ಚಿಮ್ಮಿತು. ಅದರ ತುದಿಯಲ್ಲಿ ಎರಡು ಕಪ್ಪು ಕೊಂಡಿ. ಕಡ್ಡಿಯಮ್ಮ ಎರಡೂ ಕೈಯಲ್ಲಿ ಗುದ್ದಿದಳು, ಬಾಗಿ ಬಾಗಿ ಗುದ್ದಿದಳು. ಹುಳ ಹಿಂದೆ ಸರಿದು ಮತ್ತೆ ಬಂತು, ಒಂದು ಮರಿಯನ್ನು ಕಿತ್ತು ನುಂಗಿತು. ಇನ್ನೊಂದನ್ನು ಅರ್ಧ ಹರಿಯಿತು. ಇಲ್ಲೂ ಇದೇನಾ ಎನಿಸಿತು. ಕಾಳಿನಷ್ಟು ಜಾಗದಲ್ಲೂ ಇದೇನಾ!

“ಈಗ ಇಪ್ಪತ್ತು” ಎಂದಳು ಅವಳು, ಪುಸ್ತಕದಲ್ಲಿ ಬರೆದುಕೊಳ್ಳುತ್ತ.

“ಬಿಡಿಸೋಕಾಗಲ್ವೇನೇ ನಿಂಗೆ? ಚಿಮಟ ಕೈಯಲ್ಲೇ ಇದೆ!” ಎಂದು ಕಿರುಚಿದೆ.

“ನನ್ನ ಕೆಲಸ ಎಣಿಸೋದು, ಅತ್ತಿಗೆ.”

ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವಳಂಥ ಕಲ್ಲು ಹೃದಯದವಳ ಎಣಿಕೆ ಮಣ್ಣುಪಾಲಾದರೆ ಆಗಲಿ ಎನಿಸಿತು. ಸುಳ್ಳು ಯಾಕೆ ಹೇಳಲಿ, ಅವಳು ಕೈ ತೊಳೆಯಲು ಹೊರಗೆ ಹೋದಾಗ ನಾನು ಆಸಿಡ್ ಸುರಿದದ್ದು ಗಂಡನ ಭಯದಿಂದ ಅರ್ಧ, ಈ ಸಿಟ್ಟಿನಿಂದ ಅರ್ಧ. ಹದಿಮೂರು ಜಾಡಿಯ ಎಣಿಕೆ ಆಗಲೇ ಮುಗಿದು ಹಲಗೆಗೆ ಹೋಗಿತ್ತು. ಉಳಿದ ಹದಿನೇಳಕ್ಕೂ ಒಂದೊಂದು ಲೋಟ ಹುಯ್ದೆ. ಜಾಡಿಗಳು ಸದ್ದಿಲ್ಲದೆ ನೊರೆಗಟ್ಟಿದವು. ಒಳಗಿನ ಗುಲಾಬಿ ಬಣ್ಣ ನನ್ನ ಕಣ್ಣೆದುರೇ ಇಳಿದು, ನೀರು ಬೆಳ್ಳಗಾಯಿತು. ಮನೆಗೆ ಓಡಿದೆ.

ಮಾರನೆಯ ಮಧ್ಯಾಹ್ನ ಡಬ್ಬಿ ಹಿಡಿದು ಹೋದೆ. ನಾದಿನಿ ಹದಿನೇಳು ಜಾಡಿಗಳನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಕೂತಿದ್ದಳು. ಕಣ್ಣು ಕೆಂಪಗಿತ್ತು. ಯಾರು ಎಂದು ಕೇಳಲಿಲ್ಲ. ಯಾಕೆ ಎಂದೂ ಕೇಳಲಿಲ್ಲ.

“ಎಷ್ಟು ಸುರಿದಿರಿ ಅತ್ತಿಗೆ?”

“ಒಂದು... ಒಂದೊಂದು ಲೋಟ.”

“ಯಾವ ಲೋಟ?”

“ಇವರು ಗಡ್ಡ ಮಾಡ್ಕೊಳ್ಳೋ ಸ್ಟೀಲ್ ಲೋಟ.”

“ತುಂಬಾನಾ, ಮುಕ್ಕಾಲಾ?”

“ಮುಕ್ಕಾಲು.” ಅಷ್ಟು ಹೇಳುವುದರಲ್ಲಿ ನಾನು ಅಳುತ್ತ ನೆಲಕ್ಕೆ ಕುಸಿದಿದ್ದೆ. ಅವಳು ಪುಸ್ತಕದಲ್ಲಿ ಬರೆದಳು. ಜಾಡಿ ಹದಿನೇಳು, ಆಸಿಡ್, ಮುಕ್ಕಾಲು ಲೋಟ. ಸುರಿದವರ ಹೆಸರಿನ ಜಾಗ ಖಾಲಿ ಬಿಟ್ಟಳು. ಆಮೇಲೆ ನನ್ನನ್ನು ಎಬ್ಬಿಸಿ ಕೂರಿಸಿ ಒಂದು ತಟ್ಟೆ ತೋರಿಸಿದಳು. ಜಾಡಿಯದ್ದನ್ನೆಲ್ಲ ನೀರಿನಲ್ಲಿ ತೊಳೆದು ಮತ್ತೆ ಬಣ್ಣ ಹಾಕಿದ್ದಳು. ಬಿಳಿ ತಟ್ಟೆಯ ತುಂಬ ಗುಲಾಬಿ ಚುಕ್ಕೆಗಳು. ಚಿಪ್ಪಿಲ್ಲ, ಮೈ ಇದೆ. ಮನೆ ಸುಟ್ಟರೂ ಒಳಗಿನವರು ಕೂತಲ್ಲೇ ಕೂತ ಹಾಗೆ.

“ಅಣ್ಣನ ಪೈಪಿನಲ್ಲಿ ಚಿಪ್ಪು ಕರಗಿದರೆ ಕೆಲಸ ಮುಗೀತು. ನಾವು ಚಿಪ್ಪು ಎಣಿಸಲ್ಲ ಅತ್ತಿಗೆ, ತಲೆ ಎಣಿಸ್ತೀವಿ. ಖಾಲಿ ಚಿಪ್ಪು ಬೇರೆ ಮಾಡೋಕೇ ನಂಗೆ ತಿಂಗಳು ಹಿಡೀತಿತ್ತು. ನೀವು ಒಂದೇ ದಿನದಲ್ಲಿ ಮಾಡಿಕೊಟ್ಟಿರಿ” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಹಡಿಯಿಂದ ಇಳಿದು ಬಂದ ದೊಡ್ಡವರೊಬ್ಬರು ಪುಸ್ತಕ ನೋಡಿ, ಎಣಿಕೆ ಬರುತ್ತಿದೆಯಲ್ಲ, ಆಸಿಡ್ಡಿನ ಮಾತು ಯಾಕೆ, ಆ ಹಾಳೆ ಹರಿದುಬಿಡಿ ಎಂದರು. ಅವಳು ಸೊಪ್ಪು ಹಾಕಲಿಲ್ಲ. ಆಗಿದ್ದು ಆಗಿದೆ, ಬರೆದಿದ್ದೇನೆ ಎಂದಳು.

ಸಂಜೆ ಹಲಗೆಯ ಮೇಲೆ ಸಂಖ್ಯೆ ಬಂತು. ಇನ್ನೂರ ಐವತ್ತೊಂದು. ಮಾರನೆಯ ದಿನ ಇನ್ನೂರ ಮೂವತ್ತು. ಚಿಪ್ಪು ಹೆಕ್ಕುವ ಹೆಂಗಸರು ಹಲಗೆಯ ಮುಂದೆ ಕೇಕೆ ಹಾಕಿದರು. ನನ್ನ ಗಂಡ ಹದಿಮೂರು ದಿನ ಹಲ್ಲು ಕಚ್ಚಿಕೊಂಡು ನೋಡಿದ. ನಾನು ಸುರಿದೇ ಇಲ್ಲ, ಕಡಲಿಗೆ ಚೆಲ್ಲಿ ಬಂದಿದ್ದೇನೆ ಎಂದು ದಿನಾ ಹೊಡೆದ. ಸುರಿದೆ, ದೇವರಾಣೆ ಸುರಿದೆ ಎಂದು ನಾನು. ಸತ್ಯ ಹೇಳಿದರೂ ಏಟು ಬೀಳುವುದು ನನಗೇನೂ ಹೊಸದಲ್ಲ. ಹದಿನಾಲ್ಕನೆಯ ದಿನ ನನ್ನನ್ನು ಬಿಟ್ಟು ರಾಟೆಯ ಹಿಡಿ ಎತ್ತಿಕೊಂಡು ಹೊರಟ. ಬರಿಗಾಲಲ್ಲಿ ಹಿಂದೆ ಓಡಿದೆ.

ನಾನು ಬಾಗಿಲು ಮುಟ್ಟುವಾಗ ಅವನು ಅವಳ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದಿದ್ದ. “ಬರೀತೀಯಾ? ಬರೀತೀಯಾ?” ಎನ್ನುತ್ತಿದ್ದ. ಅವಳು ಎಡಗೈಯಿಂದ ತಟ್ಟೆಯನ್ನು ದೂರ ಸರಿಸಿದಳು, ಚೆಲ್ಲದಿರಲಿ ಎಂದು. ಕಬ್ಬಿಣ ಬಿತ್ತು. ಹಸಿ ಕೊಂಬೆ ಮುರಿದ ಸದ್ದು. ಮತ್ತೆ ಬಿತ್ತು, ಮತ್ತೊಮ್ಮೆ ಬಿತ್ತು. ನಾಲ್ಕನೆಯದಕ್ಕೆ ನಾನು ಅವನ ತೋಳಿಗೆ ಜೋತುಬಿದ್ದೆ, ನನ್ನನ್ನು ಗೋಡೆಗೆ ಎಸೆದು ಹೋದ. ನಾದಿನಿ ಕೂಗಿರಲಿಲ್ಲ. ಬೆವರು ಧಾರಾಕಾರ ಇಳಿಯುತ್ತಿತ್ತು. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದವು.

“ಇನ್ನೂ ನಾಲ್ಕು ಜಾಡಿ ಇದೆ ಅತ್ತಿಗೆ” ಎಂದಳು.

ಆ ನಾಲ್ಕು ಜಾಡಿಗಳನ್ನು ಹೆಕ್ಕಿದ್ದು ನಾನು. ಅವಳು ಕೈಗೆ ಗಾರೆಪಟ್ಟಿ ಕಟ್ಟಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಎಡಗೈಯಲ್ಲಿ ಎಣಿಕೆಯ ಗುಂಡಿ. ಮೊದಲ ದಿನ ಚಿಮಟವನ್ನು ಬಿಗಿಯಾಗಿ ಹಿಡಿದಿದ್ದೆ, ಒಂದೂ ಏಳಲಿಲ್ಲ. “ಹಿಡೀಬೇಡಿ, ಎತ್ತಿ” ಎಂದಳು. ಎತ್ತಿದೆ. “ತಲೆ ಇದೆಯಾ?” “ಇದೆ.” ಟಿಕ್. “ತಲೆ ಇದೆಯಾ?” “ಗೊತ್ತಾಗ್ತಿಲ್ಲ ಕಣೇ.” “ಹಾಗಾದ್ರೆ ಬಿಡಿ.” ಠಾಣೆಗೆ ಎಣಿಕೆ ಮುಗಿದ ಮೇಲೆ ಹೋಗೋಣ ಎಂದಳು. ಜಾಡಿಗೆ ಎರಡು ದಿನದಂತೆ ಎಂಟು ದಿನ, ಮನೆಗೆ ಹೋಗದೆ, ಅಲ್ಲೇ ಬಾಗಿಲು ಹಾಕಿಕೊಂಡು ಕೂತೆವು. ನಾನು ಚಿಪ್ಪು ಸುಟ್ಟವುಗಳನ್ನೇ ನಾನು ಒಂದೊಂದಾಗಿ ಹೆಕ್ಕಿ ಎಣಿಕೆಗೆ ಕೊಟ್ಟೆ. ಮೂವತ್ತಕ್ಕೆ ಒಟ್ಟು ಏಳು ಸಾವಿರದ ನೂರ ಹದಿನೆಂಟು. ಬೇಕಾದದ್ದು ಆರು ಸಾವಿರ.

ತೀರ್ಪಿನ ದಿನ ಮೀನು ಹರಾಜಿನ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಒಂದು ಕಡೆ ದೋಣಿಯವರು, ಇನ್ನೊಂದು ಕಡೆ ಹೆಂಗಸರು. ಪಾದ ಸೀಳಿದ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ತಂದಿದ್ದರು. ಅಧಿಕಾರಿ ಪುಸ್ತಕ ತಿರುವಿ, ಆಸಿಡ್ಡಿನ ಸಾಲು ಬಂದಾಗ ನಿಂತರು. ದೋಣಿಯವರ ಪರವಾಗಿ ಬಂದಿದ್ದವನು ಅದಕ್ಕೇ ಕಾಯುತ್ತಿದ್ದ. “ಜಾಡಿಗೆ ಯಾರೋ ಏನೋ ಹಾಕಿದಾರೆ ಅಂತ ಇವರೇ ಬರೆದಿದಾರೆ ಸ್ವಾಮಿ! ಆಸಿಡ್ ಹಾಕಿದವರು ಹುಳಾನೂ ಹಾಕಿರಬಹುದಲ್ಲ? ಈ ಎಣಿಕೆ ನಡೆಯಲ್ಲ” ಎಂದ. ಹೆಂಗಸರ ಕಡೆ ಮುಖಗಳು ಕಪ್ಪಿಟ್ಟವು. ಹಾಳೆ ಹರಿದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಈ ಹುಚ್ಚಿ ಬರೆದು ಕೆಡಿಸಿದಳು ಎಂದು ಯಾರೋ ಗಟ್ಟಿಯಾಗಿಯೇ ಬೈದರು.

“ಸುರಿದವರು ಯಾರು?” ಎಂದು ಅಧಿಕಾರಿ ನಾದಿನಿಯನ್ನು ಕೇಳಿದರು. “ಅವರೇ ಬಂದು, ಆಸಿಡ್ ಬಿಟ್ಟು ಬೇರೇನೂ ಹಾಕಿಲ್ಲ ಅಂದರೆ ಎಣಿಕೆ ನಿಲ್ಲುತ್ತೆ. ಇಲ್ಲದಿದ್ದರೆ ನಾನೇನೂ ಮಾಡೋಕಾಗಲ್ಲ.”

“ನಂಗೊತ್ತು. ಆದರೆ ನಾನು ಕಣ್ಣಲ್ಲಿ ನೋಡಿಲ್ಲ. ಹೇಳಬೇಕಾದವರು ಅವರು” ಎಂದಳು. ನನ್ನ ಕಡೆ ತಿರುಗಲಿಲ್ಲ.

ನನ್ನ ಗಂಡ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೈಯಲ್ಲಿ ಮೀನಿನ ಪೆಟ್ಟಿಗೆ ಎಳೆಯುವ ಕೊಕ್ಕೆ. ನನ್ನನ್ನೇ ನೋಡುತ್ತಿದ್ದ. ಬಾಯಿ ಬಿಟ್ಟರೆ ಅವನು ಏನು ಮಾಡುತ್ತಾನೆಂದು ನನಗೆ ಗೊತ್ತು, ಮುಚ್ಚಿಕೊಂಡರೆ ಹುಲ್ಲುಹಾಸು ಹೋಗುತ್ತದೆ ಎಂದೂ ಗೊತ್ತು. ಕಡ್ಡಿಯಮ್ಮ ನೆನಪಾದಳು. ಅಷ್ಟು ಸಣ್ಣ ಕೈಯಲ್ಲೇ ಗುದ್ದಿದ್ದಳಲ್ಲ. ಎದ್ದು ನಿಂತೆ.

“ನಾನು ಸುರಿದೆ. ಹದಿನೇಳು ಜಾಡಿ. ಗಡ್ಡದ ಲೋಟದಲ್ಲಿ ಮುಕ್ಕಾಲು. ಬೇರೆ ಏನೂ ಹಾಕಿಲ್ಲ. ಸುರಿ ಅಂತ ನೀರಿನ ಪೀಪಾಯಿಗೆ ನನ್ನ ತಲೆ ಮುಳುಗಿಸಿದ್ದು ಇವನು.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ‘ಇವನು’ ಎಂದಿದ್ದೆ. ಅದು ಕಿವಿಗೆ ಬೀಳುವಷ್ಟರಲ್ಲಿ ಕೊಕ್ಕೆ ನನ್ನ ಎಡ ಭುಜಕ್ಕೆ ನೆಟ್ಟಿತ್ತು. ಅವನು ಜಗ್ಗಿದ, ಮಾಂಸ ಹರಿಯಿತು. ಆಮೇಲೆ ಶೆಡ್ಡೇ ಮೇಲೆದ್ದಿತು. ಹೆಂಗಸರು ಅವನ ಮೇಲೆ ಬಿದ್ದರು. ಬುಟ್ಟಿ, ಒದ್ದೆ ಗೋಣಿಚೀಲ, ಮೊಣಕೈ, ಚಿಪ್ಪು ಕೆದಕುವ ಸಲಾಕೆ. ಅಜ್ಜಿ ಕುರ್ಚಿಯಿಂದಲೇ ಊರುಗೋಲು ಬೀಸಿದಳು. ಯಾರೋ ನನ್ನನ್ನು ಹಿಂದಕ್ಕೆಳೆದರು. ಕೊಸರಿಕೊಂಡು ಮುಂದೆ ಹೋದೆ. ಪೆಟ್ಟಿಗೆಯ ಹಲಗೆಯೊಂದು ಕೈಗೆ ಸಿಕ್ಕಿತು. ಅವನು ನೆಲದಲ್ಲಿದ್ದ, ಕೈಯಿಂದ ತಲೆ ಮುಚ್ಚಿಕೊಂಡಿದ್ದ. ಹೊಡೆದೆ. ಎಷ್ಟು ಎಂದು ನನಗೆ ಗೊತ್ತಿಲ್ಲ. ಖುಷಿಯಾಯಿತು ಎಂದು ಮಾತ್ರ ಗೊತ್ತು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಆಸ್ಪತ್ರೆಯಿಂದ, ಅವನಿಗೆ ಒಂದು ಕಿವಿ ಹೋಗಿದೆ, ಒಂದು ಮಂಡಿ ಚೂರಾಗಿದೆ ಎಂದು ಸುದ್ದಿ ಬಂದಿತ್ತು. ಎಷ್ಟು ಹೊಡೆದಿರಿ ಎಂದರೆ ಹೆಂಗಸರೆಲ್ಲ ಒಂದೇ ಮಾತು. ನೋಡಿಲ್ಲ ಸ್ವಾಮಿ, ನೂಕುನುಗ್ಗಲಲ್ಲಿ ಏನೋ ಆಯಿತು, ಸುಮಾರು ನಾಲ್ಕೈದು ಇರಬಹುದು.

“ನಲವತ್ತೊಂದು” ಎಂದಳು ನನ್ನ ನಾದಿನಿ. “ಅದರಲ್ಲಿ ಅತ್ತಿಗೆಯದು ಏಳು.”

ಭುಜದ ಗಾಯಕ್ಕೆ ಹತ್ತಿ ಒತ್ತಿಕೊಂಡು ಕೂತಿದ್ದ ನನಗೆ ಮೈಗೆ ಬೆಂಕಿ ಇಟ್ಟ ಹಾಗಾಯಿತು. ಇವಳಿಗಾಗಿ ಬಾಯಿ ಬಿಟ್ಟವಳು ನಾನು. ಇವಳು ನನ್ನನ್ನೇ ಹಿಡಿದುಕೊಡುತ್ತಿದ್ದಾಳೆ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. “ಅವನು ಹೊಡೆದದ್ದು ಎಷ್ಟಮ್ಮ?”

“ಶೆಡ್ಡಿನಲ್ಲಾ? ಒಂದು.”

“ಒಂದಕ್ಕೆ ನಲವತ್ತೊಂದಾ?” ಎಂದು ಅವರು ನಕ್ಕರು.

“ಒಂದಕ್ಕಲ್ಲ ಸಾರ್. ಸಾವಿರದ ಇನ್ನೂರ ಆರಕ್ಕೆ.” ಅವಳು ಚೀಲದಿಂದ ಒಂದು ಹಳೇ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. “ಹನ್ನೊಂದು ವರ್ಷದ್ದು, ತಾರೀಖಿನ ಸಮೇತ ಇದೆ. ಗೋಡೆಯಾಚೆ ನನಗೆ ಕೇಳಿಸಿದ್ದು ಮಾತ್ರ. ಕೇಳಿಸದೇ ಇದ್ದದ್ದನ್ನ ಸೇರಿಸಿಲ್ಲ.”

ಎಡಗೈಯ ಎಣಿಕೆಯ ಗುಂಡಿಯನ್ನು ಪುಸ್ತಕದ ಮೇಲಿಟ್ಟಳು. ಇಡುವಾಗ ಹೆಬ್ಬೆರಳು ತಾಗಿ ಅದು ಒಮ್ಮೆ ಟಿಕ್ ಎಂದಿತು.

ನಮ್ಮ ಮನೆಯಲ್ಲಿ ಯಾವ ಹಲ್ಲಿಯೂ ಇರಲಿಲ್ಲ.

ನಾನು ಎದ್ದೆ. ಇನ್ಸ್‌ಪೆಕ್ಟರ್ ಎದುರಿಗೇ, ಸರಿಯಿದ್ದ ಒಂದು ಕೈಯಲ್ಲಿ, ಅವಳ ಕೆನ್ನೆಗೆ ಬಾರಿಸಿದೆ. “ಎಣಿಸ್ತಾ ಕೂತಿದ್ಯಾ? ಹನ್ನೊಂದು ವರ್ಷ ಗೋಡೆಯಾಚೆ ಎಣಿಸ್ತಾ ಕೂತಿದ್ಯೇನೇ?” ಬಾಗಿಲು ತೆಗೆದು ಒಂದು ಸಲ ಅಣ್ಣಾ ಎಂದು ಕೂಗಿದ್ದರೆ ಸಾಕಿತ್ತು. ಒಂದೇ ಸಲ. ಅದನ್ನೂ ಹೇಳಿದೆನೋ ಮನಸ್ಸಿನಲ್ಲೇ ಅಂದುಕೊಂಡೆನೋ ತಿಳಿಯದು.

ಅವಳು ತಪ್ಪಿಸಿಕೊಳ್ಳಲಿಲ್ಲ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಇಪ್ಪತ್ತು ವರ್ಷ ಚುಕ್ಕೆ ನೋಡಿ ನೋಡಿ ಸವೆದ ಆ ಕಣ್ಣುಗಳು ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದವು.

“ಚಿಮಟ ಕೈಯಲ್ಲೇ ಇತ್ತು ಅತ್ತಿಗೆ” ಎಂದಳು.

ಆ ಪುಸ್ತಕ ನನ್ನ ಏಳು ಏಟುಗಳನ್ನು ಮನ್ನಾ ಮಾಡಿಸಿತು, ಅವನನ್ನು ಮೂರು ವರ್ಷ ಒಳಗೆ ಹಾಕಿಸಿತು. ಹುಲ್ಲುಹಾಸಿಗೆ ಹತ್ತು ವರ್ಷ ಕುಂಟೆ ಇಳಿಯುವಂತಿಲ್ಲ ಎಂದು ಆಜ್ಞೆಯಾಯಿತು. ನಾದಿನಿಯ ಬೆರಳು ಕೂಡಿಕೊಂಡವು, ಆದರೆ ಮಡಚುವುದಿಲ್ಲ. ಆ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ, ಅವಳು ಪಕ್ಕದಲ್ಲಿ ಕೂತು ಬರೆಯುತ್ತಾಳೆ, ಎಡಗೈಯಲ್ಲಿ. ಅವಳ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ಇಳಿಯುತ್ತದೆ ಎಂಬ ನಂಬಿಕೆಯೂ ಇಲ್ಲ. ಒಂದೇ ಮನೆಯಲ್ಲಿದ್ದೇವೆ, ನಡುವಿನ ಹಲಗೆ ಗೋಡೆಯನ್ನು ನಾನೇ ಕಿತ್ತು ಒಲೆಗೆ ಹಾಕಿದೆ.

ಮೊನ್ನೆ ಬಟ್ಟಲಲ್ಲಿ ಇನ್ನೊಬ್ಬ ಕಡ್ಡಿಯಮ್ಮ ಇದ್ದಳು. ಮೈತುಂಬ ಮರಿ. ಕೆಸರಿನಿಂದ ಹುಳ ತಲೆ ಎತ್ತಿತು. ಎಣಿಸಬೇಕಾದ ನಾನು ಎಣಿಸಲಿಲ್ಲ. ಚಿಮಟ ಇಳಿಸಿ ಆ ಹುಳವನ್ನು ಎತ್ತಿ ಬೇರೆ ಬಟ್ಟಲಿಗೆ ಬಿಟ್ಟೆ. ಇದು ಕೆಲಸದ ನಿಯಮಕ್ಕೆ ವಿರುದ್ಧ. ನಾದಿನಿ ನೋಡಿದಳು. ಪುಸ್ತಕ ಎಳೆದುಕೊಂಡು ವಕ್ರ ಅಕ್ಷರದಲ್ಲಿ ಬರೆದಳು: ಹುಳ ಒಂದು, ಕೈಯಿಂದ ತೆಗೆದದ್ದು. ತೆಗೆದವರ ಹೆಸರಿನ ಜಾಗದಲ್ಲಿ ತನ್ನ ಹೆಸರು ಹಾಕಿಕೊಂಡಳು. ಅವಳು ಬರೆದ ಸುಳ್ಳು ಅದೊಂದೇ.